ಶಾಕಿಗೋ ಚೈನಿಗೋ: ಸ್ಪೋರ್ಟ್ಸ್ ಬೈಕಿಗೆ ದುಡ್ಡು ಹಾಕುವ ಮುಂಚೆ

ಕೆಟಿಎಂ ಆರ್‌ಸಿ 390, ಟಿವಿಎಸ್ ಅಪಾಚೆ ಆರ್‌ಆರ್ 310, ಕವಾಸಕಿ ನಿಂಜಾ 300, ಯಮಹಾ ಆರ್15. ನಮ್ಮ ಕಡೆ ಸ್ಪೋರ್ಟ್ಸ್ ಬೈಕ್ ಅಂದರೆ ಹೆಚ್ಚಿನವರ ಮನೆ ಮುಂದೆ ನಿಂತಿರುವುದು ಇವೇ. ಬೈಕ್ ತಗೊಂಡು ಒಂದೆರಡು ವರ್ಷ ಆದ ಮೇಲೆ ಆಸೆ ಶುರುವಾಗುತ್ತದೆ. ಹಿಂದೆ ಒಂದು ಒಳ್ಳೆ ಮೊನೊಶಾಕ್ (ಹಿಂದಿನ ಚಕ್ರಕ್ಕಿರುವ ಒಂಟಿ ಶಾಕ್ ಅಬ್ಸಾರ್ಬರ್) ಹಾಕಿಸೋಣ, ಚಿನ್ನದ ಬಣ್ಣದ ಚೈನ್ ಹಾಕಿಸೋಣ ಅಂತ. ಆಸೆ ತಪ್ಪಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಅನ್ನುವುದನ್ನು ಅಂಗಡಿಯವರು ಹೇಳುವುದಿಲ್ಲ. ಅವರಿಗೆ ಎಲ್ಲವೂ ಮಾರಾಟವಾಗಬೇಕು.

ನನ್ನ ಲೆಕ್ಕ ಹೀಗಿದೆ. ಮೊದಲು ಇರುವುದನ್ನು ಸರಿ ಮಾಡಿಸಿ. ಆಮೇಲೆ ಚೈನ್ ಸ್ಪ್ರಾಕೆಟ್ ಕಿಟ್, ಅಂದರೆ ಚೈನ್ ಮತ್ತು ಅದು ಸುತ್ತುವ ಮುಂದಿನ, ಹಿಂದಿನ ಹಲ್ಲುಚಕ್ರಗಳು. ಅದಾದ ಮೇಲೆ ಮುಂದಿನ ಫೋರ್ಕಿನ (ಮುಂದಿನ ಚಕ್ರವನ್ನು ಎರಡು ಪಕ್ಕದಿಂದ ಹಿಡಿದಿರುವ ಕೊಳವೆಗಳು) ಸ್ಪ್ರಿಂಗ್ ಮತ್ತು ಆಯಿಲ್. ಹಿಂದಿನ ದುಬಾರಿ ಶಾಕ್ ಕೊನೆಗೆ. ಜನ ಮಾಡುವುದು ಇದರ ಉಲ್ಟಾ, ಯಾಕೆಂದರೆ ಶಾಕ್ ಕಣ್ಣಿಗೆ ಕಾಣುತ್ತದೆ, ಫೋರ್ಕ್ ಒಳಗಿನ ಆಯಿಲ್ ಕಾಣುವುದಿಲ್ಲ. ಇನ್ನೊಂದು ವಿಷಯ: ಶಾಕ್ ಬೇರೆ, ಚೈನ್ ಬೇರೆ ಅಂದುಕೊಳ್ಳಬೇಡಿ. ಎರಡೂ ಒಂದೇ ಸ್ವಿಂಗ್‌ಆರ್ಮಿಗೆ, ಅಂದರೆ ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳಿಗೆ, ಕಟ್ಟಿಕೊಂಡಿವೆ. ಶಾಕ್ ಬದಲಾಯಿಸಿದರೆ ಚೈನನ್ನು ಮತ್ತೆ ಸೆಟ್ ಮಾಡಲೇಬೇಕು. ಅದನ್ನು ಕೊನೆಯ ಕಡೆ ಬಿಡಿಸಿ ಹೇಳುತ್ತೇನೆ.

ದುಡ್ಡು ಹಾಕುವ ಮುಂಚೆ ಟೇಪ್ ಹಿಡಿಯಿರಿ

ಟೈರ್ ಗಾಳಿ ನೋಡಿ. ಮುಂದಿನ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲ ಇದೆಯಾ ನೋಡಿ. ಫೋರ್ಕಿನ ಆಯಿಲ್ ಸೀಲ್ ಒಸರುತ್ತಿದೆಯಾ ನೋಡಿ. ಸ್ವಿಂಗ್‌ಆರ್ಮ್ ಬೇರಿಂಗಿಗೆ, ನಿಂಜಾ ಮತ್ತು ಆರ್15ರಂಥ ಬೈಕಿನಲ್ಲಾದರೆ ಶಾಕಿನ ಲಿಂಕೇಜ್ (ಶಾಕನ್ನೂ ಸ್ವಿಂಗ್‌ಆರ್ಮನ್ನೂ ಸೇರಿಸುವ ಕೊಂಡಿ) ಬೇರಿಂಗಿಗೆ, ಗ್ರೀಸ್ ಕಂಡು ಎಷ್ಟು ಕಾಲವಾಯಿತು ಕೇಳಿಕೊಳ್ಳಿ. ಒಣಗಿದ ಬೇರಿಂಗ್ ಇಟ್ಟುಕೊಂಡು ಮೇಲೆ ಎಂಥ ಶಾಕ್ ಹಾಕಿದರೂ ಅದು ಕೆಲಸ ಮಾಡುವುದಿಲ್ಲ. ಆರ್‌ಸಿ 390ಯಲ್ಲಿ ಲಿಂಕೇಜೇ ಇಲ್ಲ, ಶಾಕ್ ನೇರವಾಗಿ ಸ್ವಿಂಗ್‌ಆರ್ಮಿಗೆ ಕೂತಿದೆ. ಅಷ್ಟರ ಮಟ್ಟಿಗೆ ಅದರ ಕೆಲಸ ಕಮ್ಮಿ.

ಆಮೇಲೆ ಸ್ಯಾಗ್. ಅಂದರೆ ನೀವು ಕೂತಾಗ ಬೈಕ್ ಎಷ್ಟು ಕುಸಿಯುತ್ತದೆ ಅನ್ನುವ ಅಳತೆ. ಇದಕ್ಕೆ ಬೇಕಾದದ್ದು ಒಂದು ಟೇಪ್, ಇಬ್ಬರು ಸ್ನೇಹಿತರು. ಹಿಂದಿನ ಚಕ್ರ ನೆಲ ಬಿಟ್ಟು ತೂಗುವ ಹಾಗೆ ಬೈಕನ್ನು ಎತ್ತಿ. ಆಕ್ಸಲಿನ ನಡುವಿನಿಂದ ನೇರ ಮೇಲೆ ಸೀಟಿನ ಕೆಳಗೆ ಒಂದು ಗುರುತು ಮಾಡಿ ಅಳೆಯಿರಿ. 540 ಮಿ.ಮೀ. ಬಂತು ಅಂತಿಟ್ಟುಕೊಳ್ಳಿ. ಈಗ ಚಕ್ರ ಇಳಿಸಿ, ಹೆಲ್ಮೆಟ್, ಜಾಕೆಟ್ ಎಲ್ಲ ಹಾಕಿಕೊಂಡು ಬೈಕ್ ಮೇಲೆ ಕೂರಿ. ಒಬ್ಬ ಮುಂದೆ ಹ್ಯಾಂಡಲ್ ಹಿಡಿದಿರಲಿ, ನಿಮ್ಮ ಕಾಲು ಫುಟ್‌ಪೆಗ್ ಮೇಲಿರಲಿ, ಒಂದೆರಡು ಸಲ ಕುಲುಕಿ ಸುಮ್ಮನಾಗಿ. ಇನ್ನೊಬ್ಬ ಅದೇ ಎರಡು ಗುರುತಿನ ನಡುವೆ ಅಳೆದಾಗ 502 ಬಂದರೆ ಸ್ಯಾಗ್ 38 ಮಿ.ಮೀ. ರಸ್ತೆಯ ಓಡಾಟಕ್ಕೆ 30ರಿಂದ 35 ಸಾಕು. 38 ಸ್ವಲ್ಪ ಜಾಸ್ತಿ, ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಪ್ರಮಾಣ, ಒಂದು ಮೆಟ್ಟಿಲು ಏರಿಸಬೇಕು. ಬೈಕಿನ ಟೂಲ್ ಕಿಟ್ಟಿನಲ್ಲಿ ಆ ಸಿ ಆಕಾರದ ಸ್ಪ್ಯಾನರ್ ಇದ್ದರೆ ಅದು ಇರುವುದು ಇದಕ್ಕೇ. ಎಷ್ಟೋ ಬೈಕಿನಲ್ಲಿ ಅದು ಕವರಿನಿಂದ ಹೊರಗೇ ಬಂದಿರುವುದಿಲ್ಲ.

ಪ್ರೀಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಗ್ಯಾರೇಜುಗಳಲ್ಲೂ ಹೇಳುವುದನ್ನು ಕೇಳಿದ್ದೇನೆ. ಹಾಗಾಗುವುದಿಲ್ಲ. ಸ್ಪ್ರಿಂಗ್ ಅದೇ, ಅದರ ಬಿಗಿತವೂ ಅದೇ. ಬೈಕ್ ನಿಲ್ಲುವ ಎತ್ತರ ಬದಲಾಗುತ್ತದೆ, ಅಷ್ಟೆ.

ಹಾಗಾದರೆ ಸ್ಪ್ರಿಂಗ್ ಬದಲಾಯಿಸಬೇಕಾ ಬೇಡವಾ ಅಂತ ತಿಳಿಯುವುದು ಹೇಗೆ? ನೀವು ಕೂತಾಗ ಸ್ಯಾಗ್ 33ಕ್ಕೆ ಬರುವಂತೆ ಪ್ರೀಲೋಡ್ ಸೆಟ್ ಮಾಡಿ. ಈಗ ಇಳಿದುಬಿಡಿ. ಬರೀ ಬೈಕ್ ತನ್ನ ಭಾರಕ್ಕೆ ಎಷ್ಟು ಕುಸಿದಿದೆ ನೋಡಿ. ಹಿಂದೆ 5ರಿಂದ 10 ಮಿ.ಮೀ. ಇದ್ದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಸರಿಯಾಗಿದೆ. ಒಂಚೂರೂ ಕುಸಿದಿಲ್ಲ, ಹಿಂಭಾಗ ಮೇಲಕ್ಕೆ ತುರುಕಿಕೊಂಡು ನಿಂತಿದೆ ಅಂದರೆ ಸ್ಪ್ರಿಂಗ್ ಮೆತ್ತಗಾಯಿತು. ಅದನ್ನು ಸರಿದೂಗಿಸಲು ಪ್ರೀಲೋಡ್ ಸಿಕ್ಕಾಪಟ್ಟೆ ಹಾಕಿದ್ದೀರಿ ಅಂತ ಅರ್ಥ. ಅದೇ 15-20 ಮಿ.ಮೀ. ಕುಸಿದಿದ್ದರೆ ಸ್ಪ್ರಿಂಗ್ ನಿಮಗೆ ಗಟ್ಟಿ. ಮೊದಲ ಓದಿಗೆ ಉಲ್ಟಾ ಅನ್ನಿಸಬಹುದು, ಆದರೆ ಇದು ಸರಿ. ಈ ಎರಡು ಅಂಕಿ ಕೈಯಲ್ಲಿಲ್ಲದೆ ಶಾಕ್ ಆರ್ಡರ್ ಮಾಡಬೇಡಿ. ಒಳ್ಳೆ ಕಂಪನಿಯವರು ನಿಮ್ಮ ತೂಕ ಕೇಳಿಯೇ ಸ್ಪ್ರಿಂಗ್ ಆರಿಸುತ್ತಾರೆ. ತೂಕವನ್ನೇ ಕೇಳದೆ ಮಾರುವವರಿಂದ ದೂರ ಇರಿ.

ಮುಂದಿನ ಫೋರ್ಕ್: ಮೂರು ದಾರಿ

ಬ್ರೇಕ್ ಹಾಕಿದಾಗ ಭಾರವೆಲ್ಲ ಬರುವುದು ಮುಂದಕ್ಕೆ. ತಿರುವಿಗೆ ಬೈಕನ್ನು ಒರಗಿಸುವಾಗ ಧೈರ್ಯ ಕೊಡುವುದೂ ಮುಂದಿನ ಚಕ್ರವೇ. ಆದ್ದರಿಂದ ಫೋರ್ಕು, ಶಾಕು ಎರಡರಲ್ಲಿ ಮೊದಲ ದುಡ್ಡು ಇಲ್ಲಿ ಹೋಗಬೇಕು ಅನ್ನುತ್ತೇನೆ.

ಎಲ್ಲಕ್ಕಿಂತ ಅಗ್ಗದ ದಾರಿ ಹೊಸ ಆಯಿಲ್. ಫೋರ್ಕ್ ಆಯಿಲ್ ಬದಲಾಯಿಸುವುದು ಸರ್ವೀಸ್ ಪಟ್ಟಿಯಲ್ಲಿದ್ದರೂ ಯಾರೂ ಮಾಡಿಸುವುದಿಲ್ಲ. 20,000 ಕಿ.ಮೀ. ಓಡಿದ ಫೋರ್ಕ್ ಬಿಚ್ಚಿದಾಗ ಬರುವ ಬೂದು ಬಣ್ಣದ, ಮೀನಿನ ವಾಸನೆಯ ಎಣ್ಣೆಯನ್ನು ಒಮ್ಮೆ ನೋಡಿದರೆ ನೀವೇ ಮುಂದಿನ ಸಲ ಹೊತ್ತಿಗೆ ಸರಿಯಾಗಿ ಮಾಡಿಸುತ್ತೀರಿ. ಇಲ್ಲಿ ಒಂದು ಕಿವಿಮಾತು. ಡಬ್ಬದ ಮೇಲಿನ 10ಡಬ್ಲ್ಯೂ ಅನ್ನುವ ಅಂಕಿಯನ್ನು ನಂಬಬೇಡಿ. ಒಂದು ಕಂಪನಿಯ 10ಡಬ್ಲ್ಯೂ ಇನ್ನೊಂದರ ಹಾಗೆ ಇರುವುದಿಲ್ಲ. ಹಿಂದುಗಡೆ 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಎಣ್ಣೆಯ ದಪ್ಪದ ಅಳತೆ) ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅದನ್ನು ಹೋಲಿಸಿ. ಆಯಿಲ್ ಮಟ್ಟವೂ ಮುಖ್ಯ. ಸ್ಪ್ರಿಂಗ್ ತೆಗೆದು, ಫೋರ್ಕನ್ನು ಪೂರ್ತಿ ಒತ್ತಿ, ಮೇಲಿನ ಬಾಯಿಂದ ಎಣ್ಣೆಯವರೆಗೆ ಅಳೆಯಬೇಕು. ಮಟ್ಟ ಏರಿದಷ್ಟೂ ಒಳಗೆ ಗಾಳಿಯ ಜಾಗ ಕಮ್ಮಿಯಾಗಿ ಫೋರ್ಕ್ ಕೊನೆಕೊನೆಗೆ ಗಟ್ಟಿಯಾಗುತ್ತದೆ. ಎರಡೂ ಕಾಲಿಗೆ ಒಂದೇ ಲೋಟದಲ್ಲಿ ಅಳೆದು ಸುರಿದರೆ ಸಾಕು ಅನ್ನುವ ಮೆಕ್ಯಾನಿಕ್ ಕೈಗೆ ಫೋರ್ಕ್ ಕೊಡಬೇಡಿ. ಹಳೆಯ ಎಣ್ಣೆ ಎರಡು ಕಡೆಯೂ ಒಂದೇ ಪ್ರಮಾಣದಲ್ಲಿ ಒಳಗೆ ಉಳಿದಿರುವುದಿಲ್ಲ, ಮಟ್ಟವನ್ನೇ ಅಳೆಯಬೇಕು.

ಎರಡನೆಯದು, ತೂಕಕ್ಕೆ ತಕ್ಕ ಸ್ಪ್ರಿಂಗ್. ಹೋಲಿಸುವಾಗ ಗೊಂದಲ ಬೇಡ: ಕೆಲವರು ಕೆ.ಜಿ./ಮಿ.ಮೀ. ಅಂತ ಬರೆಯುತ್ತಾರೆ, ಕೆಲವರು ನ್ಯೂಟನ್/ಮಿ.ಮೀ. ಅಂತ. 0.9 ಕೆ.ಜಿ. ಅಂದರೆ ಸುಮಾರು 8.8 ನ್ಯೂಟನ್. ಹೈಪರ್‌ಪ್ರೊದಂಥ ಡಚ್ ಕಂಪನಿ ಪ್ರೋಗ್ರೆಸಿವ್ ಸ್ಪ್ರಿಂಗಿಗೆ ಹೆಸರುವಾಸಿ. ಅದು ಮೊದಲು ಮೆತ್ತಗೆ, ಒತ್ತಿದಷ್ಟೂ ಗಟ್ಟಿ. ಗುಂಡಿ, ಹಂಪ್, ಡಬಲ್ಸ್ ಓಡಾಟ ಎಲ್ಲ ಇರುವ ಊರಿನ ಬೈಕಿಗೆ ಇದು ಚೆನ್ನಾಗಿ ಹೊಂದುತ್ತದೆ. ಘಾಟಿಯಲ್ಲಿ, ಟ್ರ್ಯಾಕಿನಲ್ಲಿ ಒಂದೇ ತರದ ಅನುಭವ ಬೇಕು ಅನ್ನುವವರಿಗೆ ಕೊನೆಯವರೆಗೂ ಒಂದೇ ಬಿಗಿತದ ಲೀನಿಯರ್ ಸ್ಪ್ರಿಂಗೇ ಸರಿ.

ಮೂರನೆಯದು, ಡ್ಯಾಂಪಿಂಗನ್ನೇ, ಅಂದರೆ ಸ್ಪ್ರಿಂಗಿನ ಕುಣಿತಕ್ಕೆ ಎಣ್ಣೆ ಒಡ್ಡುವ ತಡೆಯನ್ನೇ, ಬದಲಾಯಿಸುವುದು. ನಿಂಜಾ 300ರಲ್ಲಿರುವುದು 37 ಮಿ.ಮೀ.ನ ಸಾದಾ ಫೋರ್ಕ್, ಒಳಗೆ ಡ್ಯಾಂಪರ್ ರಾಡ್. ಎಣ್ಣೆ ಹೋಗುವುದು ಗೊತ್ತಾದ ಒಂದೇ ಅಳತೆಯ ತೂತುಗಳಲ್ಲಿ. ನಿಧಾನಕ್ಕೆ ಒತ್ತಿದರೆ ಸುಲಭವಾಗಿ ಹರಿಯುತ್ತದೆ, ಹಾಗಾಗಿ ಬ್ರೇಕ್ ಹಾಕಿದರೆ ಮೂತಿ ಕೆಳಗೆ. ಗುಂಡಿಗೆ ಬಿದ್ದಾಗ ಒಮ್ಮೆಲೇ ಹೋಗಲಾಗುವುದಿಲ್ಲ, ಹಾಗಾಗಿ ಕೈಗೆ ಪೆಟ್ಟು. ಮೆತ್ತಗೂ ಹೌದು, ಒರಟೂ ಹೌದು. ಇದಕ್ಕೆ ಔಷಧ ಎಮ್ಯುಲೇಟರ್ ಅನ್ನುವ ಒಂದು ಪುಟ್ಟ ವಾಲ್ವ್. ಅಮೆರಿಕದ ರೇಸ್ ಟೆಕ್‌ನವರ ಗೋಲ್ಡ್ ವಾಲ್ವ್ ಹೆಸರಾದದ್ದು, ಥಾಯ್ಲೆಂಡಿನ ವೈಎಸ್‌ಎಸ್‌ನವರೂ ಪಿಡಿ ವಾಲ್ವ್ ಅಂತ ಮಾಡುತ್ತಾರೆ. ರಾಡಿನ ತೂತುಗಳನ್ನು ದೊಡ್ಡದು ಮಾಡಿ, ಮೇಲೆ ಈ ವಾಲ್ವ್ ಕೂರಿಸಿ, ಅದರ ಮೇಲೆ ಸ್ಪ್ರಿಂಗ್ ಇಳಿಸಿದರೆ ಆಯಿತು. ಕಾರ್ಟ್ರಿಡ್ಜ್ ಕಿಟ್ಟಿನ (ಫೋರ್ಕಿನೊಳಗಿನ ಡ್ಯಾಂಪಿಂಗ್ ಭಾಗವನ್ನು ಪೂರ್ತಿ ಬದಲಿಸುವ ಸೆಟ್) ಮುಕ್ಕಾಲು ಸುಖ ಇದರಲ್ಲೇ ಸಿಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ರೀಬೌಂಡ್ (ಒತ್ತಿದ ಮೇಲೆ ವಾಪಸ್ ಏಳುವಾಗಿನ ತಡೆ) ಮಾತ್ರ ಆಗಲೂ ಎಣ್ಣೆಯ ದಪ್ಪದಿಂದಲೇ ಸರಿ ಮಾಡಿಕೊಳ್ಳಬೇಕು. ತೂತು ಕೊರೆದ ರಾಡ್ ಮತ್ತೆ ಮೊದಲಿನಂತಾಗುವುದಿಲ್ಲ ಅನ್ನುವುದೂ ನೆನಪಿರಲಿ.

ಎಮ್ಯುಲೇಟರ್ ಇರುವುದು ಡ್ಯಾಂಪರ್ ರಾಡ್ ಫೋರ್ಕಿಗೆ ಮಾತ್ರ. ಆರ್‌ಸಿ 390ಯ 43 ಮಿ.ಮೀ. ಡಬ್ಲ್ಯುಪಿ ಫೋರ್ಕಿನಂಥ ಉಲ್ಟಾ ಫೋರ್ಕಿಗೆ (ದಪ್ಪ ಕೊಳವೆ ಮೇಲೆ, ಸಣ್ಣದು ಕೆಳಗೆ) ಹೋಗುವುದಾದರೆ ಪೂರ್ತಿ ಕಾರ್ಟ್ರಿಡ್ಜ್ ಕಿಟ್. ಇಟಲಿಯ ಅಂಡ್ರೆಯಾನಿ, ಇಂಗ್ಲೆಂಡಿನ ಕೆ-ಟೆಕ್, ಸ್ವೀಡನ್ನಿನ ಓಹ್ಲಿನ್ಸ್ ಇವರೆಲ್ಲ ಇಂಥದ್ದನ್ನು ಮಾಡುತ್ತಾರೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ವರ್ಷಕ್ಕೆ ನಾಲ್ಕಾರು ಸಲ ಹೋಗುವವರಾದರೆ ತಗೊಳ್ಳಿ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಹೋಗಿ ಇಡ್ಲಿ ತಿಂದು ಬರುವವರಿಗೆ ಸ್ಪ್ರಿಂಗ್, ಆಯಿಲ್ ಸಾಕು.

ಹಿಂದಿನ ಶಾಕ್: ಕಂಪನಿಯದ್ದಾ, ಥಾಯ್ಲೆಂಡಿನದ್ದಾ, ಯುರೋಪಿನದ್ದಾ

ಆರ್‌ಆರ್ 310 ಕೊಳ್ಳುವವರಿಗೆ ಒಂದು ಅನುಕೂಲ ಉಂಟು. ನಮ್ಮ ಪಕ್ಕದ ಹೊಸೂರಿನಲ್ಲಿ ತಯಾರಾಗುವ ಈ ಬೈಕಿಗೆ ಟಿವಿಎಸ್ 2021ರಲ್ಲಿ ‘ಬಿಲ್ಟ್ ಟು ಆರ್ಡರ್’ ಅಂತ ಶುರು ಮಾಡಿತು. ಆಗ ಬೈಕಿನ ಬೆಲೆ 2.60 ಲಕ್ಷದ ಹತ್ತಿರ, ಅದರ ಮೇಲೆ ಡೈನಾಮಿಕ್ ಕಿಟ್ಟಿಗೆ 12,000 ರೂಪಾಯಿ. ಆ ದುಡ್ಡಿಗೆ ಮುಂದೆ ಪ್ರೀಲೋಡ್, ಕಂಪ್ರೆಶನ್ (ಒತ್ತುವಾಗಿನ ತಡೆ), ರೀಬೌಂಡ್ ಮೂರನ್ನೂ ತಿರುಗಿಸಬಹುದಾದ ಕೆವೈಬಿ ಕಂಪನಿಯ ಫೋರ್ಕ್, ಹಿಂದೆ ರೀಬೌಂಡ್ ತಿರುಗಿಸಬಹುದಾದ ಮೊನೊಶಾಕ್, ಜೊತೆಗೆ ತುಕ್ಕು ಹಿಡಿಯದಂತೆ ಹಿತ್ತಾಳೆ ಲೇಪದ ಚೈನ್. ಹೊರಗಡೆ ಒಂದು ಒಳ್ಳೆ ಶಾಕನ್ನೂ ಆ ದುಡ್ಡಿಗೆ ಕೊಡುವುದಿಲ್ಲ. ವಾರಂಟಿಯ ತಂಟೆಯೂ ಇಲ್ಲ. ಆಮೇಲೆ ಬೆಲೆ ಬದಲಾಗಿದೆ, ಶೋರೂಮಿನಲ್ಲಿ ಕೇಳಿಕೊಳ್ಳಿ. ಆದರೂ ಲೆಕ್ಕ ಅದೇ: ಹೊಸ ಆರ್‌ಆರ್ ತಗೊಳ್ಳುತ್ತಿದ್ದರೆ ಈ ಕಿಟ್ ಬಿಟ್ಟು ಆಮೇಲೆ ಹೊರಗಡೆ ಶಾಕ್ ಹುಡುಕುವುದು ದಡ್ಡತನ.

ಉಳಿದ ಬೈಕಿನವರಿಗೆ ಮಧ್ಯದ ದಾರಿ ವೈಎಸ್‌ಎಸ್. 1983ರಲ್ಲಿ ಶುರುವಾದ ಥಾಯ್ ಕಂಪನಿ, ಅಲ್ಲಿಯೂ ನಮ್ಮ ಹಾಗೆ ಸಣ್ಣ ಬೈಕುಗಳದ್ದೇ ರಾಜ್ಯ. ಹಾಗಾಗಿ ಆರ್15ರಂಥ ಬೈಕಿಗೂ ಸರಿಯಾದ ಅಳತೆಯ ಶಾಕ್ ಅವರಲ್ಲಿ ಸಿಗುತ್ತದೆ. ಪ್ರೀಲೋಡ್ ಮತ್ತು ರೀಬೌಂಡ್ ತಿರುಗಿಸಲು ಬರುವ ಮಾದರಿ ತಗೊಳ್ಳಿ. ಬರೀ ಪ್ರೀಲೋಡ್ ಇರುವುದಕ್ಕೆ ದುಡ್ಡು ಹಾಕಬೇಡಿ, ಅದು ಹೆಚ್ಚಿನ ಬೈಕುಗಳ ಹಳೆಯ ಶಾಕಿನಲ್ಲೂ ಇರುತ್ತದೆ.

ಮೇಲಿನ ಮೆಟ್ಟಿಲಿನಲ್ಲಿ ಓಹ್ಲಿನ್ಸ್, ಕೆ-ಟೆಕ್, ನೈಟ್ರಾನ್. ಇವುಗಳ ಬೆಲೆ ಕೇಳಿದರೆ ಹಳೆಯ ಆರ್15ರ ಓನರ್ ಎದೆ ಹಿಡಿದುಕೊಳ್ಳಬೇಕು. ಆದರೆ ಒಂದು ಮಾತು ಇವುಗಳ ಪರವಾಗಿ ಹೇಳಲೇಬೇಕು. ಇವನ್ನು ಬಿಚ್ಚಿ, ಸೀಲ್, ಎಣ್ಣೆ ಬದಲಾಯಿಸಿ, ನೈಟ್ರೋಜನ್ ತುಂಬಿ ಮತ್ತೆ ಹೊಸದು ಮಾಡಬಹುದು. ನಿಮ್ಮ ತೂಕ ಹೆಚ್ಚುಕಮ್ಮಿ ಆದರೆ ಸ್ಪ್ರಿಂಗ್ ಮಾತ್ರ ಬದಲಾಯಿಸಬಹುದು. ಬೈಕಿನ ಜೊತೆ ಬಂದ ಶಾಕ್‌ಗಳಲ್ಲಿ ಹೆಚ್ಚಿನವನ್ನು ಹಾಗೆ ಬಿಚ್ಚಲು ಬರುವುದಿಲ್ಲ, ಸೋರಿದರೆ ಬಿಸಾಡಬೇಕು. ಕೊಳ್ಳುವ ಮುಂಚೆ ನಿಮ್ಮ ಊರಿನಲ್ಲಿ ಅಥವಾ ಕನಿಷ್ಠ ಬೆಂಗಳೂರಿನಲ್ಲಿ ಅದನ್ನು ಬಿಚ್ಚುವವರು ಯಾರು, ಬಿಡಿಭಾಗ ಸಿಗುತ್ತದಾ ಅಂತ ಕೇಳಿ. ಸರ್ವೀಸ್ ಮಾಡುವವರೇ ಇಲ್ಲದ ದುಬಾರಿ ಶಾಕ್, ಸೋರಿದ ದಿನ ಹಳೆಯದರಷ್ಟೇ ಬೆಲೆಯದ್ದು.

ಗೊಂದಲ ಹುಟ್ಟಿಸುವ ಇನ್ನೊಂದು ಜಾತಿ ಇದೆ. ಆನ್‌ಲೈನಿನಲ್ಲಿ ನಾಲ್ಕೈದು ಸಾವಿರಕ್ಕೆ ಸಿಗುವ, ಚಿನ್ನದ ಬಣ್ಣದ, ಪಕ್ಕದಲ್ಲಿ ಪುಟ್ಟ ಸಿಲಿಂಡರ್ ಅಂಟಿಸಿಕೊಂಡ ಶಾಕ್‌ಗಳು. ಎಷ್ಟೋ ಸಲ ಆ ಸಿಲಿಂಡರಿಗೂ ಒಳಗಿನ ಎಣ್ಣೆಗೂ ಸಂಬಂಧವೇ ಇರುವುದಿಲ್ಲ, ಸುಮ್ನೆ ಅಲಂಕಾರ. ಕ್ಲಿಕ್ ಕ್ಲಿಕ್ ಅಂತ ತಿರುಗುವ ಗುಬ್ಬಿ ತಿರುಗಿಸಿದರೂ ಶಾಕ್ ಮೇಲೆ ಬರುವ ವೇಗದಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಪರೀಕ್ಷೆ ಸುಲಭ: ರೀಬೌಂಡನ್ನು ಪೂರ್ತಿ ಬಿಗಿ ಮಾಡಿ ಸೀಟನ್ನು ಒತ್ತಿ ಬಿಡಿ, ಆಮೇಲೆ ಪೂರ್ತಿ ಸಡಿಲ ಮಾಡಿ ಒತ್ತಿ ಬಿಡಿ. ಎರಡೂ ಸಲ ಒಂದೇ ವೇಗದಲ್ಲಿ ಎದ್ದರೆ ಅದು ಆಟಿಕೆ. ಇದಕ್ಕಿಂತ ಬೈಕಿನ ಜೊತೆ ಬಂದ ಶಾಕ್ ಎಷ್ಟೋ ವಾಸಿ.

ಯಾವುದನ್ನೇ ತಗೊಂಡರೂ ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿಗೆ ಎಷ್ಟು ಉದ್ದ ಅಂತ ಹಳೆಯದರ ಜೊತೆ ಹೋಲಿಸಿ. ಹೊಸದು ಕೆಲವೇ ಮಿಲಿಮೀಟರ್ ಉದ್ದ ಇದ್ದರೂ ಹಿಂಭಾಗ ಅದಕ್ಕಿಂತ ಹೆಚ್ಚು ಏಳುತ್ತದೆ, ಬೈಕ್ ಚುರುಕಾಗಿ ತಿರುಗುತ್ತದೆ. ಕೆಲವರಿಗೆ ಅದೇ ಬೇಕು. ಜೋರಾಗಿ ಹೋಗುವಾಗ ಹ್ಯಾಂಡಲ್ ಅಲುಗಾಡಲು ಶುರುವಾದರೆ ಮಾತ್ರ ಅತಿಯಾಯಿತು ಅಂತ ತಿಳಿಯಿರಿ.

ಚೈನ್: ಬಲಕ್ಕಲ್ಲ, ಸೀಲಿಗೆ ದುಡ್ಡು ಕೊಡಿ

ಆರ್‌ಸಿ 390, ಆರ್‌ಆರ್ 310, ನಿಂಜಾ 300 ಮೂರರಲ್ಲೂ 520 ಚೈನ್. ಆರ್15ರಲ್ಲಿ 428. ಈ ಸಂಖ್ಯೆಗಳ ಮೊದಲ ಅಂಕಿ ಪಿಚ್, ಅಂದರೆ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಇರುವ ದೂರ, ಇಂಚಿನ ಎಂಟನೇ ಒಂದರ ಲೆಕ್ಕದಲ್ಲಿ. 5 ಅಂದರೆ 15.875 ಮಿ.ಮೀ., 4 ಅಂದರೆ 12.7 ಮಿ.ಮೀ. ಉಳಿದ ಎರಡು ಅಂಕಿ ಅಗಲಕ್ಕೆ ಸಂಬಂಧಿಸಿದ್ದು. ದೊಡ್ಡ ಬೈಕಿನವರು 525 ಅಥವಾ 530 ತೆಗೆದು ಭಾರ ಕಮ್ಮಿ ಮಾಡಲು 520 ಹಾಕಿಸುತ್ತಾರೆ. ನಮ್ಮ ಬೈಕುಗಳಿಗೆ ಆ ಚಿಂತೆ ಇಲ್ಲ.

ನಲವತ್ತು ಕುದುರೆಶಕ್ತಿಯ ಆಸುಪಾಸಿನ ಬೈಕಿಗೆ ಯಾವ ಹೆಸರುವಾಸಿ 520 ಚೈನೂ ಬೇಕಾದಷ್ಟು ಗಟ್ಟಿ. ಹೋಲಿಸಬೇಕಾದದ್ದು ಸೀಲು. ಚೈನ್ ಸವೆಯುವುದು ಹೊರಗಲ್ಲ, ಒಳಗೆ, ಪಿನ್ನು ಮತ್ತು ಬುಶ್ ನಡುವೆ. ಅಲ್ಲಿ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ, ಹೊರಗೆ ಹೋಗದಂತೆ ರಬ್ಬರ್ ಉಂಗುರ ಕೂರಿಸುತ್ತಾರೆ. ಓ-ರಿಂಗ್ ದುಂಡಗೆ ಇರುತ್ತದೆ, ಎರಡು ಕಡೆ ತಾಗುತ್ತದೆ. ಎಕ್ಸ್-ರಿಂಗ್ ನಾಲ್ಕು ತುಟಿಯದ್ದು, ನಾಲ್ಕು ಕಡೆ ತಾಗುತ್ತದೆ, ಉಜ್ಜಾಟ ಕಮ್ಮಿ, ಗ್ರೀಸನ್ನು ಜಾಸ್ತಿ ಕಾಲ ಹಿಡಿದಿಡುತ್ತದೆ. ಬೆಲೆ ಸ್ವಲ್ಪ ಹೆಚ್ಚು. 390ಗೆ, 300ಕ್ಕೆ ಎಕ್ಸ್-ರಿಂಗ್ ತಗೊಳ್ಳಿ. ಜಪಾನಿನ ಡಿಐಡಿ, ಆರ್‌ಕೆ, ಇಕೆ, ಇಟಲಿಯ ರೆಜಿನಾ ಎಲ್ಲವೂ ಒಳ್ಳೆಯವೇ. ಆರ್15ರಂಥ 18 ಕುದುರೆಶಕ್ತಿಯ ಬೈಕಿಗೆ ಕೊಯಮತ್ತೂರಿನ ರೋಲಾನ್ ಅಥವಾ ಚೆನ್ನೈನ ಡೈಮಂಡ್ ಧಾರಾಳವಾಗಿ ಸಾಕು, ಅದರಲ್ಲೂ ಸೀಲ್ ಇರುವ ಮಾದರಿ ಇದೆಯಾ ಕೇಳಿ. ಪ್ಲೇಟುಗಳ ಸಂದಿಯಲ್ಲಿ ಕಪ್ಪು ರಬ್ಬರ್ ಉಂಗುರ ಕಂಡರೆ ಸೀಲ್ ಚೈನ್, ಕಾಣದಿದ್ದರೆ ಸಾದಾ.

ಚಿನ್ನದ ಬಣ್ಣ? ಅದು ಪ್ಲೇಟಿನ ಮೇಲಿನ ಲೇಪ, ತುಕ್ಕು ತಡೆಯುತ್ತದೆ. ಮಂಗಳೂರು, ಉಡುಪಿ ಕಡೆಯ ಉಪ್ಪು ಗಾಳಿಗೆ, ಆಗುಂಬೆಯ ಮಳೆಗೆ ಅದರಿಂದ ಉಪಯೋಗ ಇದೆ. ಕಲಬುರಗಿಯ ಬಿಸಿಲಿನಲ್ಲಿ ಅದು ಫೋಟೋಗೆ ಮಾತ್ರ.

ಚೈನ್ ಬದಲಾಯಿಸುವಾಗ ಎರಡು ಸ್ಪ್ರಾಕೆಟನ್ನೂ ಬದಲಾಯಿಸಿ. ಹಳೆಯ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ. ಹಿಂದಿನ ಹಬ್ಬಿನೊಳಗಿನ ರಬ್ಬರುಗಳನ್ನೂ ಆಗಲೇ ನೋಡಿಬಿಡಿ. ಹಿಂದಿನ ಸ್ಪ್ರಾಕೆಟ್ ಅಲ್ಯುಮಿನಿಯಮ್ಮಿನದ್ದು ಹಗುರ, ಆದರೆ ಬೇಗ ಸವೆಯುತ್ತದೆ. ರಸ್ತೆಗೆ ಸ್ಟೀಲೇ ಸರಿ. ಆರ್‌ಸಿ 390ಯಲ್ಲಿ ಮುಂದೆ 15, ಹಿಂದೆ 45 ಹಲ್ಲು. ನಿಂಜಾ 300ರಲ್ಲಿ 14, 42. ಎರಡೂ ಮೂರಕ್ಕೆ ಒಂದು. 390ಗೆ ಮುಂದೆ 14 ಹಾಕಿದರೆ 3.21 ಆಗುತ್ತದೆ, ಅಂದರೆ ಸಿಟಿಯಲ್ಲಿ ಎಳೆತ ಶೇಕಡ 7 ಜಾಸ್ತಿ, ಹೈವೇಯಲ್ಲಿ ಇಂಜಿನ್ ಅಷ್ಟೇ ಜಾಸ್ತಿ ಕೂಗುತ್ತದೆ. ಮುಂದೆ ಒಂದು ಹಲ್ಲು ಕಮ್ಮಿ ಮಾಡುವುದೂ ಹಿಂದೆ ಮೂರು ಹಲ್ಲು ಜಾಸ್ತಿ ಮಾಡುವುದೂ ಹೆಚ್ಚುಕಮ್ಮಿ ಒಂದೇ. ಮುಂದಿನದು ಅಗ್ಗ. ಆದರೆ ಚೈನ್ ಇನ್ನೂ ಸಣ್ಣ ಸುತ್ತಿನಲ್ಲಿ ಮಡಿಸಿಕೊಂಡು ಓಡಬೇಕು, ಸ್ವಿಂಗ್‌ಆರ್ಮ್ ಮೇಲಿನ ರಬ್ಬರಿಗೂ ಹತ್ತಿರವಾಗುತ್ತದೆ. ನನ್ನ ಮತ ಹಿಂದಿನದಕ್ಕೆ.

ಚೈನಿನ ಎರಡು ತುದಿ ಜೋಡಿಸುವ ಲಿಂಕ್ ವಿಷಯದಲ್ಲಿ ಚೌಕಾಸಿ ಬೇಡ. 300 ಸಿಸಿ ದಾಟಿದ ಬೈಕಿಗೆ ರಿವಿಟ್ ಲಿಂಕ್, ಅದೂ ಸರಿಯಾದ ಟೂಲಿನಿಂದ ಒತ್ತಿದ್ದು. ಸುತ್ತಿಗೆಯಲ್ಲಿ ಬಡಿದು ಕೂರಿಸಲು ಹೊರಟರೆ ಬೈಕ್ ವಾಪಸ್ ತಗೊಂಡು ಬನ್ನಿ. ಸಣ್ಣ ಬೈಕಿಗೆ ಕ್ಲಿಪ್ ಲಾಕ್ ನಡೆಯುತ್ತದೆ. ಆಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಹೋಗುವ ದಿಕ್ಕಿಗೆ ಇರಬೇಕು, ಬಾಯಿ ಹಿಂದಕ್ಕೆ.

ಹಳೆಯದು ಮುಗಿಯಿತಾ ಅಂತ ತಿಳಿಯಲು ಸ್ಕೇಲ್ ಸಾಕು. ಚೈನನ್ನು ಬಿಗಿಯಾಗಿ ಎಳೆದು 20 ಲಿಂಕಿನಷ್ಟು, ಅಂದರೆ ಒಂದನೆಯ ಪಿನ್ನಿನ ನಡುವಿನಿಂದ 21ನೆಯ ಪಿನ್ನಿನ ನಡುವಿಗೆ ಅಳೆಯಿರಿ. ಹೊಸ 520ರಲ್ಲಿ ಅದು 317.5 ಮಿ.ಮೀ. ಕವಾಸಕಿಯ ಮಿತಿ 323. ಕೆಟಿಎಂ ಇದಕ್ಕಿಂತ ಕಟ್ಟುನಿಟ್ಟು: ತೂಕ ಕಟ್ಟಿ ಎಳೆದ ಚೈನಿನಲ್ಲಿ 18 ರೋಲರ್ 272 ಮಿ.ಮೀ. ದಾಟಬಾರದು ಅನ್ನುತ್ತದೆ. ಹೊಸದರಲ್ಲಿ ಅದು 269.9, ಹಾಗಾಗಿ ಶೇಕಡ ಒಂದರಷ್ಟೂ ಹಿಗ್ಗಲು ಅದು ಬಿಡುವುದಿಲ್ಲ. ಒಂದೇ ಜಾಗದಲ್ಲಿ ಅಳೆದು ಬಿಡಬೇಡಿ. ಚಕ್ರ ತಿರುಗಿಸುತ್ತ ಮೂರ್ನಾಲ್ಕು ಕಡೆ ಅಳೆಯಿರಿ, ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ.

ಸ್ಪ್ರೇ, ವ್ಯಾಕ್ಸ್, ಗೇರ್ ಆಯಿಲ್

ಸೀಲ್ ಚೈನಿಗೆ ಹೊರಗಿನ ಎಣ್ಣೆ ಬೇಕಾಗಿರುವುದು ತುಕ್ಕು ತಡೆಯಲು, ರೋಲರ್ ಹಲ್ಲಿಗೆ ತಾಗುವ ಕಡೆ ಜಾರಿಕೆಗೆ, ರಬ್ಬರ್ ಒಣಗದಿರಲು. ಒಳಗಿನ ಗ್ರೀಸಿಗೂ ಇದಕ್ಕೂ ಸಂಬಂಧವಿಲ್ಲ. ಆದ್ದರಿಂದ ಯಾವ ಬ್ರಾಂಡ್ ಅನ್ನುವುದಕ್ಕಿಂತ ಎಷ್ಟು ಸಲ ಹಾಕುತ್ತೀರಿ ಅನ್ನುವುದು ಮುಖ್ಯ. 500-600 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದ ದಿನ ತಪ್ಪದೆ.

ಮೋಟುಲ್ ಸಿ2ನಂಥ ಅಂಟಿನ ಸ್ಪ್ರೇ ಮಳೆಗಾಲಕ್ಕೆ ಒಳ್ಳೆಯದು, ನೀರಿಗೆ ತೊಳೆದುಹೋಗುವುದಿಲ್ಲ. ಅದೇ ಅಂಟು ಬೇಸಿಗೆಯಲ್ಲಿ ಕೆಂಪು ಧೂಳನ್ನೆಲ್ಲ ಎಳೆದುಕೊಂಡು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಉತ್ತರ ಕರ್ನಾಟಕದ ಒಣ ರಸ್ತೆಗೆ ವ್ಯಾಕ್ಸ್ ಅಥವಾ ಡ್ರೈ ಲೂಬ್ ವಾಸಿ, ಆದರೆ ಒಂದು ಜೋರು ಮಳೆ ಬಂದರೆ ಮತ್ತೆ ಹಾಕಬೇಕು. ಎಲ್ಲಕ್ಕಿಂತ ಅಗ್ಗದ್ದು 80ಡಬ್ಲ್ಯೂ-90 ಗೇರ್ ಆಯಿಲ್, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಹಚ್ಚುವುದು. ಚೈನ್ ತಯಾರಿಸುವವರೇ ಇದನ್ನು ಒಪ್ಪುತ್ತಾರೆ. ರಿಮ್ಮಿಗೆ ಸಿಡಿಯುತ್ತದೆ ಅನ್ನುವುದೊಂದೇ ದೂರು. ಹಚ್ಚಿ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಬಟ್ಟೆಯಿಂದ ಒರೆಸಿದರೆ ಆ ದೂರೂ ಅರ್ಧ ಕಮ್ಮಿ. ಸ್ಕಾಟ್ಲೆಂಡಿನ ಸ್ಕಾಟ್‌ಆಯ್ಲರ್ ತರದ, ಓಡುವಾಗಲೇ ಹನಿ ಹನಿ ಬಿಡುವ ಯಂತ್ರ ಲಡಾಖಿಗೆ ಹೊರಟವರಿಗೆ ಸರಿ, ಸ್ಪೋರ್ಟ್ಸ್ ಬೈಕಿಗೆ ನನಗೇನೋ ಅತಿ ಅನ್ನಿಸುತ್ತದೆ.

ತೊಳೆಯಲು ಸೀಮೆಎಣ್ಣೆ ಚೆನ್ನಾಗಿತ್ತು, ಈಗ ಸುಲಭವಾಗಿ ಸಿಗುವುದಿಲ್ಲ. ಚೈನ್ ಕ್ಲೀನರ್ ಡಬ್ಬ ತಗೊಳ್ಳಿ. ಪೆಟ್ರೋಲ್ ಬೇಡ, ತಂತಿಯ ಬ್ರಶ್ ಬೇಡ, ವಾಟರ್ ಸರ್ವೀಸಿನ ಜೋರು ಪೈಪನ್ನು ಚೈನಿಗೆ ಹಿಡಿಸಬೇಡಿ. ಮೂರೂ ರಬ್ಬರ್ ಉಂಗುರಕ್ಕೆ ಶತ್ರು. ಇದಕ್ಕಿಂತ ದೊಡ್ಡ ಮಾತು: ಪ್ಯಾಡಾಕ್ ಸ್ಟ್ಯಾಂಡ್ (ಹಿಂದಿನ ಚಕ್ರ ನೆಲ ಬಿಡುವಂತೆ ಎತ್ತಿ ಹಿಡಿಯುವ ಸ್ಟ್ಯಾಂಡ್) ಮೇಲೆ ಬೈಕ್ ನಿಲ್ಲಿಸಿ, ಇಂಜಿನ್ ಶುರು ಮಾಡಿ ಗೇರಿಗೆ ಹಾಕಿ ಚೈನ್ ಒರೆಸುವವರನ್ನು ನೋಡಿದ್ದೇನೆ. ಬಟ್ಟೆ ಸಿಕ್ಕಿಕೊಂಡರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ, ಕೀ ಜೇಬಿನಲ್ಲಿರಲಿ. ಚೈನಿಗೆಂದು ಒಂದೇ ವಸ್ತು ಕೊಳ್ಳುವುದಾದರೆ ನಾನು ಹೇಳುವುದು ಸ್ಟ್ಯಾಂಡನ್ನೇ. ಸ್ಟ್ಯಾಂಡ್ ಹಿಡಿದುಕೊಳ್ಳಲು ಸ್ವಿಂಗ್‌ಆರ್ಮಿಗೆ ಹಾಕುವ ಸ್ಪೂಲ್ ಬೋಲ್ಟ್ ಬೈಕಿನಿಂದ ಬೈಕಿಗೆ 6, 8, 10 ಮಿ.ಮೀ. ಅಂತ ಬದಲಾಗುತ್ತದೆ, ಕೇಳಿ ತಗೊಳ್ಳಿ.

ಎರಡೂ ಸೇರುವ ಜಾಗ

ಹೊಸ ಶಾಕ್ ಹಾಕಿಸಿದ ಮೇಲೆ ಹಿಂಭಾಗ ಕಲ್ಲಿನ ಹಾಗೆ ಕುಟ್ಟುತ್ತದೆ ಅಂತ ಬರುವವರಿಗೆ ನಾನು ಮೊದಲು ಕೇಳುವುದು ಚೈನ್ ಎಷ್ಟು ಬಿಗಿ ಇದೆ ಅಂತ. ಕಾರಣ ಇಷ್ಟು. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ತಿರುಗುವ ಬೋಲ್ಟ್, ಹಿಂದಿನ ಆಕ್ಸಲ್, ಈ ಮೂರರ ನಡುಬಿಂದು ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ. ಬೈಕ್ ಖಾಲಿ ನಿಂತಾಗ ಆಕ್ಸಲ್ ಆ ಗೆರೆಯಿಂದ ಕೆಳಗಿರುತ್ತದೆ, ಆಗ ಚೈನ್ ಸಡಿಲವಾಗಿ ಕಾಣುತ್ತದೆ. ಉದ್ದದ ಶಾಕ್ ಹಾಕಿದರೆ ಅಥವಾ ಪ್ರೀಲೋಡ್ ಏರಿಸಿದರೆ ಆಕ್ಸಲ್ ಇನ್ನೂ ಕೆಳಗೆ ಹೋಗುತ್ತದೆ, ಚೈನ್ ಇನ್ನೂ ಸಡಿಲ ಕಾಣುತ್ತದೆ. ಸ್ವಿಂಗ್‌ಆರ್ಮ್ ಸ್ಟಿಕ್ಕರಿನಲ್ಲಿ ಬರೆದ ಅಳತೆಗೆ ಅದನ್ನು ಎಳೆದು ಬಿಗಿ ಮಾಡಿದಿರಿ ಅಂತಿಟ್ಟುಕೊಳ್ಳಿ. ಇಬ್ಬರು ಕೂತು ಗುಂಡಿಗೆ ಇಳಿದಾಗ ಚಕ್ರ ಮೇಲೆ ಏಳಬೇಕು, ಚೈನ್ ಬಿಡುವುದಿಲ್ಲ. ಪೆಟ್ಟು ನಿಮ್ಮ ಬೆನ್ನಿಗೆ, ಗೇರ್‌ಬಾಕ್ಸಿನ ಬೇರಿಂಗಿಗೆ. ಬೈಯಿಸಿಕೊಳ್ಳುವುದು ಮಾತ್ರ ಶಾಕ್.

ಸರಿಯಾದ ಕ್ರಮ ಇದು. ಶಾಕ್ ಬದಲಾಯಿಸುವ ದಿನ, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವ ಮುಂಚೆ, ಚಕ್ರ ಕೈಯಲ್ಲಿ ಎತ್ತಲು ಬರುತ್ತದೆ. ನಿಧಾನಕ್ಕೆ ಮೇಲೆತ್ತುತ್ತ ಚೈನಿನ ಕೆಳಗಿನ ಎಳೆಯನ್ನು ಇನ್ನೊಂದು ಕೈಯಲ್ಲಿ ಆಡಿಸಿ. ಒಂದು ಕಡೆ ಅದು ಅತಿ ಬಿಗಿಯಾಗುತ್ತದೆ, ದಾಟಿದರೆ ಮತ್ತೆ ಸಡಿಲ. ಆ ಬಿಗಿ ಜಾಗದಲ್ಲೂ ಚೈನ್ ಬೆರಳಿಗೆ ಸ್ವಲ್ಪ ಆಡಬೇಕು. ಹಾಗೆ ಅಡ್ಜಸ್ಟ್ ಮಾಡಿ, ಹೊಸ ಶಾಕ್ ಕೂರಿಸಿ, ಸ್ಯಾಗ್ ಸೆಟ್ ಮಾಡಿ, ಆಮೇಲೆ ಬೈಕ್ ನಿಲ್ಲಿಸಿ ಚೈನ್ ಎಷ್ಟು ಆಡುತ್ತದೆ ಅಂತ ಅಳೆದು ಬರೆದಿಟ್ಟುಕೊಳ್ಳಿ. ಇನ್ನು ಮುಂದೆ ನಿಮ್ಮ ಬೈಕಿಗೆ ಅದೇ ಅಂಕಿ. ಅಡ್ಜಸ್ಟ್ ಮಾಡುವಾಗ ಎರಡೂ ಪಕ್ಕದ ಗುರುತು ಒಂದೇ ಗೆರೆಗೆ ಬಂದಿದೆಯಾ ನೋಡಿ, ಚಕ್ರ ಸೊಟ್ಟ ಕೂತರೆ ಚೈನಿನ ಆಯಸ್ಸು ಅರ್ಧ.

ನಿಮಗೆ ಯಾವುದು

ದಿನಾ ಆಫೀಸಿಗೆ, ವಾರಕ್ಕೊಮ್ಮೆ ಊರ ಹೊರಗೆ ಹೋಗುವವರಾದರೆ ಸ್ಯಾಗ್, ಫೋರ್ಕ್ ಆಯಿಲ್, ಬೇರಿಂಗ್ ಗ್ರೀಸ್, ಒಂದು ಎಕ್ಸ್-ರಿಂಗ್ ಕಿಟ್, ಒಂದು ಸ್ಟ್ಯಾಂಡ್. ಅಲ್ಲಿಗೆ ನಿಲ್ಲಿಸಿ. ಚಾರ್ಮಾಡಿ, ಬಿಸ್ಲೆ ಅಂತ ಘಾಟಿ ಹುಡುಕಿಕೊಂಡು ಹೋಗುವವರು, ಅಥವಾ ತೂಕ 85 ಕೆ.ಜಿ. ದಾಟಿದವರು ಮುಂದಿನ ಸ್ಪ್ರಿಂಗ್ ಸೇರಿಸಿ, ಆಮೇಲೂ ಹಿಂಭಾಗ ತೇಲಿದಂತೆ ಅನ್ನಿಸಿದರೆ ರೀಬೌಂಡ್ ಇರುವ ಮಧ್ಯಮ ಬೆಲೆಯ ಶಾಕ್. ಟ್ರ್ಯಾಕಿನವರಿಗೆ ಕಾರ್ಟ್ರಿಡ್ಜ್ ಮತ್ತು ಬಿಚ್ಚಿ ಸರ್ವೀಸ್ ಮಾಡಬಹುದಾದ ಶಾಕ್ ಎರಡೂ ಬೇಕು, ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟರೆ ಬೈಕ್ ಮುಂದೊಂದು ಹಿಂದೊಂದು ಮಾತಾಡುತ್ತದೆ.

ತೆಗೆದ ಹಳೆಯ ಶಾಕ್, ಸ್ಪ್ರಿಂಗ್, ಸ್ಪೇಸರ್ ಯಾವುದನ್ನೂ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಎಣ್ಣೆ ಒರೆಸಿ, ಪ್ಲಾಸ್ಟಿಕ್ ಸುತ್ತಿ, ಬೈಕಿನ ಹೆಸರು ಬರೆದು ಅಟ್ಟದ ಮೇಲೆ ಇಡಿ. ಬೈಕ್ ಮಾರುವ ದಿನ ಕೊಳ್ಳುವವರು ನಿಮ್ಮ ದುಬಾರಿ ಶಾಕಿಗೆ ಬೇರೆ ದುಡ್ಡು ಕೊಡುವುದಿಲ್ಲ. ಹಳೆಯದನ್ನು ಹಾಕಿ ಬೈಕ್ ಕೊಡಿ, ಹೊಸದನ್ನು ಬೇರೆಯಾಗಿ ಮಾರಿ.